ಚಳಿಗಾಲದಲ್ಲೂ ಕಳೆಕಳೆಯಾಗಿರೋಣ



ದೀಪಾವಳಿ ಮುಗಿಯಿತು. ಬಸವನಗುಡಿಯ ಕಡಲೆಕಾಯಿ ಪರಿಷೆಯೂ ಆಯಿತು. ತಳ್ಳುಗಾಡಿಗಳಲ್ಲಿ ಸೊಗಡು ಅವರೆಕಾಯಿಯ ರಾಶಿ ಬಿತ್ತು. ಇನ್ನೇನು? ಚಳಿಗಾಲ ಬಂತು.

ನಮ್ಮ ರಾಜರಾಜೇಶ್ವರಿನಗರದಲ್ಲಿ ಬೆಳಗಿನ 6 ಗಂಟೆಗೆ ಹೊರಗೆ ಬಂದು ನೋಡಿ. ಮೈಸೂರು ರಸ್ತೆಯ ಮೇಲೆ ಮಂಜು ಮುಸುಕಿರುತ್ತದೆ. ಆ ಮಂಜಿನಲ್ಲೇ ಎಷ್ಟು ಜನ ಹೆಂಗಸರು ಓಡಾಡುತ್ತಿರುತ್ತಾರೆ! ಕೆಲವರು ರಸ್ತೆ ಗುಡಿಸುತ್ತಾರೆ. ಕೆಲವರು ಸೊಪ್ಪಿನ ಬುಟ್ಟಿ ಹೊತ್ತು ಬರುತ್ತಾರೆ. ಕೆಲವರು ಗಾರ್ಮೆಂಟ್ಸ್ ಕೆಲಸಕ್ಕೆ ಹೊರಟಿರುತ್ತಾರೆ. ಕೆಲವರು ಮನೆಕೆಲಸಕ್ಕೆ ಹೋಗುತ್ತಾರೆ. 2021ರಿಂದ ನಮ್ಮೂರಿಗೂ ಮೆಟ್ರೊ ರೈಲು ಬಂದಿದೆ. ಅದರ ನಿಲ್ದಾಣದ ಮೆಟ್ಟಿಲ ಬಳಿ ಹೂ ಕಟ್ಟುವ ಕೈಗಳೂ ಚಳಿಗೆ ಸೆಟೆದಿರುತ್ತವೆ.

ಈ ಕೈಗಳನ್ನು ಹತ್ತಿರದಿಂದ ನೋಡೋಣ. ಚರ್ಮ ಬೂದಿ ಬಳಿದ ಹಾಗೆ ಬಿಳಿಚಿದೆ. ಬೆರಳ ಸಂದಿ ಸೀಳಿದೆ. ತುಟಿ ಒಡೆದಿದೆ. ಹಿಮ್ಮಡಿ ಬಿರಿದಿದೆ. ನಕ್ಕರೆ ತುಟಿ ಉರಿಯುತ್ತದೆ. ಮೆಣಸಿನಕಾಯಿ ಅರೆದರೆ ಕೈ ಉರಿಯುತ್ತದೆ.

"ದುಡಿಯೋ ಕೈ ಒಡೀದೆ ಇರುತ್ತಾ? ನಮಗ್ಯಾಕಮ್ಮ ಅಂದಚಂದ? ಅದೆಲ್ಲ ದುಡ್ಡಿದ್ದೋರಿಗೆ" ಎಂದು ಹೇಳುವವರಿದ್ದಾರೆ. ಈ ಮಾತು ಸರಿಯೇ? ಯೋಚಿಸೋಣ.

ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತೇವೆ. ಆ ಕೈಯೇ ಒಡೆದು ಕೀವಾದರೆ? ನಾಲ್ಕು ದಿನ ಕೆಲಸಕ್ಕೆ ಹೋಗಲು ಆಗುವುದಿಲ್ಲ. ನಾಲ್ಕು ದಿನದ ಕೂಲಿ ಹೋಯಿತು. ಮೇಲೆ ಡಾಕ್ಟರ ಖರ್ಚು. ಹಾಗಾದರೆ ಚರ್ಮ ನೋಡಿಕೊಳ್ಳುವುದು ಬರೀ ಅಂದದ ಮಾತಲ್ಲ. ಅದು ಆರೋಗ್ಯದ ಮಾತು. ಕೂಲಿಯ ಮಾತು. ನಮ್ಮ ಮರ್ಯಾದೆಯ ಮಾತು. ಇದಕ್ಕೆ ಹೆಚ್ಚು ದುಡ್ಡು ಬೇಡ. ಸ್ವಲ್ಪ ತಿಳಿವಳಿಕೆ ಬೇಕು.

ಚಳಿಯಲ್ಲಿ ಚರ್ಮ ಏಕೆ ಒಡೆಯುತ್ತದೆ?

ಬೆಂಗಳೂರು ಎತ್ತರದ ಊರು. ಸಮುದ್ರದ ಮಟ್ಟದಿಂದ ಸುಮಾರು 900 ಮೀಟರು ಮೇಲಿದೆ. ಡಿಸೆಂಬರ್, ಜನವರಿ ತಿಂಗಳ ರಾತ್ರಿಗಳಲ್ಲಿ ಇಲ್ಲಿಯ ಉಷ್ಣತೆ ಸಾಮಾನ್ಯವಾಗಿ 15, 16 ಡಿಗ್ರಿಗೆ ಇಳಿಯುತ್ತದೆ. 1884ರ ಜನವರಿಯಲ್ಲಿ 7.8 ಡಿಗ್ರಿಗೆ ಇಳಿದಿತ್ತು. ಆ ಚಳಿ ಎಷ್ಟಿದ್ದಿರಬೇಕು, ನೀವೇ ಊಹಿಸಿ!

ತಣ್ಣನೆಯ ಗಾಳಿಯಲ್ಲಿ ನೀರಿನ ಅಂಶ ಕಡಿಮೆ. ಅದು ನಮ್ಮ ಚರ್ಮದ ಪಸೆಯನ್ನು ಹೀರುತ್ತದೆ. ಒದ್ದೆ ಬಟ್ಟೆ ಗಾಳಿಗೆ ಆರುವುದಿಲ್ಲವೇ? ಚರ್ಮದ ಪಸೆ ಆರುವುದೂ ಹಾಗೇ.

ಚರ್ಮಕ್ಕೆ ತನ್ನದೇ ಆದ ಎಣ್ಣೆ ಇದೆ. ಅದು ಪಸೆಯನ್ನು ಒಳಗೇ ಹಿಡಿದಿಡುತ್ತದೆ. ಪಾತ್ರೆಗೆ ಮುಚ್ಚಳ ಇದ್ದ ಹಾಗೆ. ತುಂಬಾ ಬಿಸಿ ನೀರು, ಹೆಚ್ಚು ಸೋಪು, ಬಟ್ಟೆ ಒಗೆಯುವ ಪುಡಿ, ಪಾತ್ರೆ ತೊಳೆಯುವ ಸೋಪು ಈ ಎಣ್ಣೆಯನ್ನು ತೊಳೆದುಬಿಡುತ್ತವೆ. ಮುಚ್ಚಳ ಹೋಯಿತು. ಚರ್ಮ ಒಣಗಿತು. ಕೆರೆಯ ತಳ ಒಣಗಿ ಬಿರಿದ ಹಾಗೆ ಬಿರಿಯಿತು.

ಆದ್ದರಿಂದ ಚಳಿಗಾಲದ ಆರೈಕೆ ಎಂದರೆ ಎರಡೇ ಕೆಲಸ. ಇರುವ ಎಣ್ಣೆಯನ್ನು ಕಳೆಯದಿರುವುದು. ಹೋದ ಎಣ್ಣೆಯನ್ನು ಮತ್ತೆ ಹಚ್ಚುವುದು.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ನರಕ ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ ಮಾಡುತ್ತೇವೆ. ಬೆಳಗ್ಗೆ ಮೈಗೆಲ್ಲ ಎಣ್ಣೆ ಹಚ್ಚಿ ಎರೆದುಕೊಳ್ಳುತ್ತೇವೆ. ಚಳಿಗಾಲ ಶುರುವಾಗುವ ಹೊತ್ತಿಗೆ ಎಣ್ಣೆಸ್ನಾನ ಬರುತ್ತದೆ. ಆದರೆ ಹಬ್ಬದ ದಿನ ಮಾತ್ರ ಎಣ್ಣೆ ಹಚ್ಚಿದರೆ ಸಾಲದು.

ಸ್ನಾನ ಹೇಗೆ ಮಾಡೋಣ?

ಚಳಿಯಲ್ಲಿ ಹಬೆಯಾಡುವ ನೀರು ಮೈಮೇಲೆ ಬಿದ್ದರೆ ಹಿತ. ಆದರೆ ಚರ್ಮಕ್ಕೆ ಅದು ಒಳ್ಳೆಯದಲ್ಲ. ಉಗುರುಬೆಚ್ಚಗಿನ ನೀರು ಸಾಕು. ಬೇಗ ಸ್ನಾನ ಮುಗಿಸಬೇಕು. ಸೋಪನ್ನು ಕಂಕುಳು, ತೊಡೆಸಂದಿ, ಪಾದ, ಇಂಥ ಕಡೆ ಹಚ್ಚಬೇಕು. ಮೈಯೆಲ್ಲ ಗಸಗಸ ಉಜ್ಜುವುದು ಬೇಡ.

ಸ್ನಾನವಾದ ಮೇಲೆ ಮೈಯನ್ನು ಬಟ್ಟೆಯಿಂದ ಒತ್ತಿ ಒರೆಸಿ. ಸ್ವಲ್ಪ ಪಸೆ ಇರುವಾಗಲೇ ಕೊಬ್ಬರಿ ಎಣ್ಣೆ ಹಚ್ಚಿ. ಒಂದೆರಡು ಚಮಚ ಸಾಕು. ವ್ಯಾಸಲೀನೂ ಆಗುತ್ತದೆ. ಪೂರ್ತಿ ಒಣಗಿದ ಮೇಲೆ ಹಚ್ಚಿದರೆ ಅಷ್ಟು ಗುಣವಿಲ್ಲ. ಪಸೆ ಇರುವಾಗ ಹಚ್ಚಿದರೆ ಎಣ್ಣೆ ಆ ಪಸೆಯನ್ನು ಒಳಗೇ ಹಿಡಿದಿಡುತ್ತದೆ.

ಕಡಲೆಹಿಟ್ಟು ಹಚ್ಚುವ ಅಭ್ಯಾಸ ಕೆಲವರಿಗಿದೆ. ಅದು ಎಣ್ಣೆ ತೆಗೆಯುತ್ತದೆ. ಚಳಿಗಾಲದಲ್ಲಿ ಅದಕ್ಕೆ ಹಾಲಿನ ಕೆನೆ ಸೇರಿಸಿ. ನಿಂಬೆರಸವನ್ನು ಮುಖಕ್ಕೆ ಹಚ್ಚಬೇಡಿ. ಉರಿ ಬರುತ್ತದೆ.

ಇಲ್ಲೊಂದು ಎಚ್ಚರಿಕೆಯ ಮಾತು. ಬೆಂಗಳೂರಿನಲ್ಲಿ ಗ್ಯಾಸ್ ಗೀಸರಿನಿಂದ ಜನ ಸತ್ತಿದ್ದಾರೆ. ಮುಚ್ಚಿದ ಬಚ್ಚಲುಮನೆಯಲ್ಲಿ ಗ್ಯಾಸ್ ಉರಿದಾಗ ವಿಷಗಾಳಿ ಹುಟ್ಟುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆಯೂ ಇಲ್ಲ. ತಲೆ ಸುತ್ತುತ್ತದೆ, ಹಾಗೇ ಬಿದ್ದುಹೋಗುತ್ತಾರೆ. ಗ್ಯಾಸ್ ಗೀಸರನ್ನು ಬಚ್ಚಲುಮನೆಯ ಹೊರಗೆ ಇಡಿಸಬೇಕು. ಗಾಳಿಕಿಂಡಿ ತೆರೆದಿರಬೇಕು. ಬಾಗಿಲು ಕಿಟಕಿ ಮುಚ್ಚಿ ಇದ್ದಿಲಿನ ಅಗ್ಗಿಷ್ಟಿಕೆ ಹಚ್ಚಿ ಮಲಗುವುದೂ ಅಷ್ಟೇ ಅಪಾಯ. ನೀರು ಕಾಯಿಸುವ ರಾಡು ಇದ್ದರೆ, ಸ್ವಿಚ್ ಆರಿಸಿ, ಪ್ಲಗ್ ತೆಗೆದ ಮೇಲೆಯೇ ನೀರು ಮುಟ್ಟಿ.

ಸೋಪಿನ ಹೊದಿಕೆ ಓದೋಣ

ನಮ್ಮ ಪಶ್ಚಿಮ ಬೆಂಗಳೂರಿಗೂ ಸೋಪಿಗೂ ಹಳೆಯ ನಂಟಿದೆ. ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರಾಗಿದ್ದರು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದರು. ಆಗ, 1916ರಲ್ಲಿ, ಬೆಂಗಳೂರಿನಲ್ಲಿ ಗಂಧದೆಣ್ಣೆ ತೆಗೆಯುವ ಸರ್ಕಾರಿ ಕೆಲಸ ಶುರುವಾಯಿತು. ಎಸ್.ಜಿ. ಶಾಸ್ತ್ರಿ ಎಂಬ ವಿಜ್ಞಾನಿ ಇಂಗ್ಲೆಂಡಿಗೆ ಹೋಗಿ ಸೋಪು ಮಾಡುವ ವಿದ್ಯೆ ಕಲಿತು ಬಂದರು. ಹೀಗೆ ಮೈಸೂರು ಸ್ಯಾಂಡಲ್ ಸೋಪು ಹುಟ್ಟಿತು. 1957ರಲ್ಲಿ ಕಾರ್ಖಾನೆ ರಾಜಾಜಿನಗರದ ಕಡೆಗೆ ಬಂತು. ಈಗ ಅಲ್ಲಿಯ ಮೆಟ್ರೊ ನಿಲ್ದಾಣಕ್ಕೂ ಸೋಪ್ ಫ್ಯಾಕ್ಟರಿಯ ಹೆಸರೇ ಇದೆ.

ಇದೇ ಸೋಪು ಕೊಳ್ಳಿ ಎಂದು ನಾವು ಹೇಳುವುದಿಲ್ಲ. ಯಾವ ಸೋಪೇ ಆಗಲಿ, ಓದಿ ಕೊಳ್ಳಿ ಎನ್ನುತ್ತೇವೆ. ನಮಗೀಗ ಅಕ್ಷರ ಬರುತ್ತದೆ, ಅಂಕಿ ಬರುತ್ತದೆ. ಹೊದಿಕೆ ತಿರುಗಿಸಿ ನೋಡೋಣ. ಹೊದಿಕೆಯ ಮಾತು ಇಂಗ್ಲಿಷಿನಲ್ಲಿದ್ದರೂ ಅಂಕಿ ನಮಗೆ ತಿಳಿಯುತ್ತದೆ.

ಒಂದು, ತೂಕ. ಎಷ್ಟು ಗ್ರಾಂ?

ಎರಡು, ಬೆಲೆ. ಎಂ.ಆರ್.ಪಿ. ಎಂದು ಬರೆದಿರುತ್ತದೆ. ಅದಕ್ಕಿಂತ ಒಂದು ರೂಪಾಯಿಯೂ ಹೆಚ್ಚು ಕೊಡಬೇಕಾಗಿಲ್ಲ.

ಮೂರು, ತಯಾರಾದ ತಿಂಗಳು ಮತ್ತು ವರ್ಷ.

ನಾಲ್ಕು, ಗ್ರೇಡ್ 1, 2 ಅಥವಾ 3. ಪಕ್ಕದಲ್ಲಿ ಟಿ.ಎಫ್.ಎಂ. ಎಂದು ಬರೆದು ಒಂದು ಅಂಕಿ ಇರುತ್ತದೆ. ಸೋಪಿನಲ್ಲಿ ಕೊಬ್ಬಿನ ಅಂಶ ಎಷ್ಟಿದೆ ಎಂದು ಅದು ಹೇಳುತ್ತದೆ. ಗ್ರೇಡ್ 1 ಸೋಪಿನಲ್ಲಿ ನೂರಕ್ಕೆ 76 ಭಾಗವಾದರೂ ಇರಬೇಕು. ಗ್ರೇಡ್ 2ರಲ್ಲಿ 70, ಗ್ರೇಡ್ 3ರಲ್ಲಿ 60 ಇರಬೇಕು. ಈ ಅಂಕಿ ದೊಡ್ಡದಿದ್ದರೆ ಸೋಪು ಸಾಮಾನ್ಯವಾಗಿ ಚರ್ಮವನ್ನು ಕಡಿಮೆ ಒಣಗಿಸುತ್ತದೆ. ಬೇಗ ಕರಗುವುದೂ ಇಲ್ಲ.

"ಟೀವೀಲಿ ಬರುತ್ತಲ್ಲ, ಆ ಸೋಪು ಕೊಡಿ" ಎನ್ನುವುದು ಒಂದು ರೀತಿ. "ಗ್ರೇಡ್ 1 ಇರೋದು ಯಾವುದಿದೆ, ತೋರಿಸಿ" ಎನ್ನುವುದು ಇನ್ನೊಂದು ರೀತಿ. ಯಾವುದು ಒಳ್ಳೆಯದು?

ಕೈ, ಕಾಲು, ತುಟಿ

ಪಾತ್ರೆ ತೊಳೆದ ಮೇಲೆ, ಬಟ್ಟೆ ಒಗೆದ ಮೇಲೆ ಕೈಯನ್ನು ಬರೀ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಒರೆಸಿ ಎರಡು ಹನಿ ಎಣ್ಣೆ ಸವರಿ. ಮನೆಕೆಲಸಕ್ಕೆ ಹೋಗುವ ಅಕ್ಕಂದಿರು ಚೀಲದಲ್ಲಿ ಒಂದು ಪುಟ್ಟ ಡಬ್ಬಿ ಎಣ್ಣೆ ಇಟ್ಟುಕೊಳ್ಳಲಿ. ಫಿನಾಯಿಲು, ಆಸಿಡ್ ಮುಟ್ಟುವ ಕೆಲಸಕ್ಕೆ ರಬ್ಬರ್ ಕೈಚೀಲ ಬೇಕು. "ಅಮ್ಮಾ, ಒಂದು ಜೊತೆ ಗ್ಲೌಸ್ ತಂದುಕೊಡಿ" ಎಂದು ಕೇಳಲು ಸಂಕೋಚ ಬೇಡ. ಅದು ಭಿಕ್ಷೆಯಲ್ಲ, ಕೆಲಸಕ್ಕೆ ಬೇಕಾದ ಸಾಮಾನು.

ಗಾರ್ಮೆಂಟ್ಸ್ ಅಕ್ಕಂದಿರು ಕೆಲಸದ ನಡುವೆ ಎಣ್ಣೆ ಹಚ್ಚಿದರೆ ಬಟ್ಟೆಗೆ ಕಲೆಯಾಗುತ್ತದೆ. ಅವರು ರಾತ್ರಿ ಮಲಗುವಾಗ ಹಚ್ಚಲಿ.

ಹಿಮ್ಮಡಿ ಬಿರಿದಿದ್ದರೆ ಹೀಗೆ ಮಾಡಿ. ರಾತ್ರಿ ಒಂದು ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು ತೆಗೆದುಕೊಳ್ಳಿ. 10 ನಿಮಿಷ ಕಾಲು ಇಳಿಬಿಡಿ. ಕಾಲು ಉಜ್ಜುವ ಕಲ್ಲಿನಿಂದ ಮೆಲ್ಲಗೆ ಉಜ್ಜಿ. ಒರೆಸಿ. ಎಣ್ಣೆ ಅಥವಾ ವ್ಯಾಸಲೀನ್ ಹಚ್ಚಿ. ಹಳೆಯ ಕಾಲುಚೀಲ ಹಾಕಿ ಮಲಗಿ. ದಿನಾ ಬಿಡದೆ ಮಾಡಿದರೆ ಒಂದೆರಡು ವಾರದಲ್ಲಿ ಗುಣ ಕಾಣುತ್ತದೆ. ಬ್ಲೇಡಿನಿಂದ ಮಾತ್ರ ಚರ್ಮ ಕೊಯ್ಯಬೇಡಿ.

ಸಕ್ಕರೆ ಕಾಯಿಲೆ ಇರುವವರು ಇನ್ನೂ ಹುಷಾರಾಗಿರಬೇಕು. ಅವರಿಗೆ ಪಾದದ ನೋವು ತಿಳಿಯದೇ ಹೋಗಬಹುದು. ನೀರಿನ ಬಿಸಿಯೂ ತಿಳಿಯದೇ ಹೋಗಬಹುದು. ಸಣ್ಣ ಬಿರುಕು ದೊಡ್ಡ ಹುಣ್ಣಾಗುತ್ತದೆ. ಅವರು ಕಾಲು ನೆನೆಸುವುದು, ಕಲ್ಲಿನಲ್ಲಿ ಉಜ್ಜುವುದು ಬೇಡ. ದಿನಾ ಪಾದ ನೋಡಿಕೊಳ್ಳಲಿ. ಬಿರುಕು ಕಂಡರೆ ಆರೋಗ್ಯ ಕೇಂದ್ರಕ್ಕೋ ನಮ್ಮ ಕ್ಲಿನಿಕ್‌ಗೋ ಹೋಗಿ ತೋರಿಸಲಿ. ರಕ್ತ, ಕೀವು, ಊತ ಇದ್ದರೆ ಯಾರೇ ಆಗಲಿ ಡಾಕ್ಟರಿಗೆ ತೋರಿಸಬೇಕು.

ತುಟಿ ಒಣಗಿದಾಗ ನಾಲಿಗೆಯಿಂದ ಸವರುತ್ತೇವೆ. ಅದರಿಂದ ತುಟಿ ಇನ್ನೂ ಒಡೆಯುತ್ತದೆ. ಬೆಣ್ಣೆ, ತುಪ್ಪ ಅಥವಾ ವ್ಯಾಸಲೀನ್ ಹಚ್ಚಿ. ಒಣಗಿದ ಸಿಪ್ಪೆ ಕೀಳಬೇಡಿ.

ತಲೆಗೂದಲು

ಚಳಿಗಾಲದಲ್ಲಿ ತಲೆಯ ಹೊಟ್ಟು ಹೆಚ್ಚು. ತಣ್ಣೀರು ಬೇಡ ಎಂದು ವಾರಗಟ್ಟಲೆ ತಲೆಗೆ ಸ್ನಾನ ಮಾಡದಿದ್ದರೆ ಕೊಳೆ ಕೂರುತ್ತದೆ, ತುರಿಕೆ ಬರುತ್ತದೆ. ವಾರಕ್ಕೆ ಎರಡು ಸಲ ತೊಳೆಯೋಣ. ಸೀಗೆಕಾಯಿ ಪುಡಿ, ಅಂಟುವಾಳ, ಶಾಂಪು, ಯಾವುದಾದರೂ ಆಗಬಹುದು. ಹೊಟ್ಟು ಇದ್ದಾಗ ಎಣ್ಣೆಯನ್ನು ದಿನಗಟ್ಟಲೆ ತಲೆಯಲ್ಲಿ ಬಿಡಬೇಡಿ. ಸ್ನಾನಕ್ಕೆ ಒಂದೆರಡು ಗಂಟೆ ಮುಂಚೆ ಹಚ್ಚಿ, ತೊಳೆದುಬಿಡಿ.

ಒದ್ದೆ ಕೂದಲನ್ನು ಗಂಟು ಹಾಕಬೇಡಿ. ಬಿಸಿಲಲ್ಲಿ ಒಣಗಿಸಿ, ಆಮೇಲೆ ಜಡೆ ಹಾಕಿ. ಮುಂಜಾನೆ ಹೊರಗೆ ಹೋಗುವವರು ಹಿಂದಿನ ದಿನ ಮಧ್ಯಾಹ್ನವೇ ತಲೆಗೆ ಎರೆದುಕೊಳ್ಳುವುದು ಒಳ್ಳೆಯದು. ಬಸ್ಸಿನ ಗಾಳಿಗೆ, ಧೂಳಿಗೆ ತಲೆಗೊಂದು ಸ್ಕಾರ್ಫ್ ಕಟ್ಟಿ. ಒಬ್ಬರ ಬಾಚಣಿಗೆ ಇನ್ನೊಬ್ಬರಿಗೆ ಬೇಡ.

ಬಟ್ಟೆ ಬೆಚ್ಚಗಿರಲಿ, ಒಪ್ಪವಾಗಿರಲಿ

ಒಂದು ದಪ್ಪ ಬಟ್ಟೆಗಿಂತ ಎರಡು ತೆಳು ಬಟ್ಟೆ ಹೆಚ್ಚು ಬೆಚ್ಚಗಿರುತ್ತವೆ. ಎರಡು ಬಟ್ಟೆಯ ನಡುವೆ ಗಾಳಿ ನಿಲ್ಲುತ್ತದೆ. ಆ ಗಾಳಿ ಮೈ ಶಾಖವನ್ನು ಹೊರಗೆ ಬಿಡುವುದಿಲ್ಲ. ಒಳಗೆ ಹತ್ತಿ ಬಟ್ಟೆ, ಮೇಲೆ ಉಣ್ಣೆಯ ಸ್ವೆಟರ್. ಉಣ್ಣೆ ನೇರ ಚರ್ಮಕ್ಕೆ ತಾಗಿದರೆ ಕೆಲವರಿಗೆ ತುರಿಸುತ್ತದೆ. ಬೆಳಗ್ಗೆ ಚಳಿ, ಮಧ್ಯಾಹ್ನ ಬಿಸಿಲು, ಇದು ನಮ್ಮೂರ ಹವೆ. ಮೇಲಿನದನ್ನು ತೆಗೆದು ಚೀಲಕ್ಕೆ ಹಾಕಿದರಾಯಿತು.

ಚಳಿಗಾಲ ಬಂದರೆ ನಮ್ಮ ರಾಜ್ಯದ ಹಲವು ಊರುಗಳಲ್ಲಿ ಟಿಬೆಟಿನ ಜನ ಸ್ವೆಟರ್ ಮಾರಲು ಬರುತ್ತಾರೆ. ಚಳ್ಳಕೆರೆ ಕಡೆಯ ಕುರಿ ಉಣ್ಣೆಯ ಕಂಬಳಿಯೂ ಹೆಸರಾದದ್ದು. ಹೊಸದೇ ಬೇಕೆಂದಿಲ್ಲ. ಹಳೆಯ ಸ್ವೆಟರಿನ ಕಿತ್ತ ಗುಂಡಿ ಹೊಲಿಯಿರಿ. ಬಿಚ್ಚಿದ ನೂಲು ಸೇರಿಸಿ. ತಣ್ಣೀರಲ್ಲಿ ಒಗೆದು, ಹಿಂಡದೆ, ಚಾಪೆಯ ಮೇಲೆ ಹರಡಿ ಒಣಗಿಸಿ. ತಂತಿಗೆ ನೇತು ಹಾಕಿದರೆ ಜೋಲುತ್ತದೆ. ಮೂರು ಚಳಿಗಾಲ ಬಂದ ಸ್ವೆಟರೂ ಒಪ್ಪವಾಗಿ ಕಾಣುತ್ತದೆ.

ಒಳಬಟ್ಟೆ ಚಳಿಯಲ್ಲಿ ಬೇಗ ಒಣಗುವುದಿಲ್ಲ. ಅರೆ ಒದ್ದೆ ಇದ್ದರೂ ಹಾಕಿಕೊಳ್ಳುತ್ತೇವೆ. ಅದರಿಂದ ತೊಡೆಸಂದಿಯಲ್ಲಿ ಹುಳುಕಡ್ಡಿ, ತುರಿಕೆ ಬರುತ್ತದೆ. ಸೀರೆಯ ಕೆಳಗೆ ಮುಚ್ಚಿಟ್ಟು ಒಣಗಿಸುವುದು ಬೇಡ. ಬಿಸಿಲಲ್ಲೇ ಒಣಗಲಿ. ಅದರಲ್ಲಿ ನಾಚಿಕೆಪಡುವಂಥದ್ದು ಏನಿದೆ?

ಪೆಟ್ಟಿಗೆಗೆ ನುಸಿಗುಳಿಗೆ ಹಾಕಿದರೆ ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ. ಅದು ವಿಷ.

ಒಳಗಿನಿಂದ ಬರುವ ಕಳೆ

ಚಳಿಯಲ್ಲಿ ಬಾಯಾರಿಕೆ ಕಡಿಮೆ. ಹಾಗೆಂದು ನೀರು ಕುಡಿಯುವುದನ್ನು ಮರೆಯಬಾರದು. ಕೆಲಸದ ಜಾಗದಲ್ಲಿ ಪಾಯಿಖಾನೆ ಸರಿ ಇಲ್ಲ ಎಂದು ಎಷ್ಟೋ ಹೆಂಗಸರು ನೀರೇ ಕುಡಿಯುವುದಿಲ್ಲ. ಇದರಿಂದ ಉರಿಮೂತ್ರ ಬರುತ್ತದೆ. ಒಬ್ಬರೇ ಕೇಳಲು ಹೆದರಿಕೆಯಾದರೆ ನಾಲ್ಕು ಜನ ಸೇರಿ ಕೇಳೋಣ.

ಚಳಿಗಾಲ ಬೇಕಾದ್ದನ್ನು ತಾನೇ ತಂದುಕೊಡುತ್ತದೆ. ಅವರೆಕಾಳಿನ ಸಾರು ಮೈಗೆ ಬಲ. ನೆಲ್ಲಿಕಾಯಿಯಲ್ಲಿ ಸಿ ಜೀವಸತ್ವ ಹೇರಳ. ನುಗ್ಗೆಸೊಪ್ಪು ಒಳ್ಳೆಯದು. ಸಂಕ್ರಾಂತಿಯ ಎಳ್ಳು ಬೆಲ್ಲ ನೋಡಿ. ಎಳ್ಳು, ಕಡಲೆಬೀಜ, ಒಣಕೊಬ್ಬರಿ, ಮೂರರಲ್ಲೂ ಎಣ್ಣೆ ಇದೆ. ಜೊತೆಗೆ ಹುರಿಗಡಲೆ, ಬೆಲ್ಲ. ಚಳಿಗೆ ಎಂಥ ಒಳ್ಳೆಯ ತಿನಿಸು! ಆದರೆ ಎಲ್ಲರಿಗೂ ಹಂಚಿ ತಟ್ಟೆ ಖಾಲಿ ಮಾಡಬೇಡಿ. ನಿಮ್ಮ ಪಾಲೂ ಇರಲಿ.

ಬಣ್ಣ ಬೇರೆ, ಕಳೆ ಬೇರೆ

ಚಳಿಗಾಲದ ಹಿಂದೆಯೇ ಮದುವೆಯ ಕಾಲವೂ ಬರುತ್ತದೆ. "ಹುಡುಗಿ ಸ್ವಲ್ಪ ಕಪ್ಪು, ಯಾವುದಾದ್ರೂ ಕ್ರೀಮು ಹಚ್ಚಿಸ್ರೀ" ಎನ್ನುತ್ತಾರೆ. ಅಂಗಡಿಯಲ್ಲಿ ಬೆಳ್ಳಗಾಗುವ ಕ್ರೀಮು ಎಂದು ಕೊಡುತ್ತಾರೆ. ಎಂಟು ದಿನದಲ್ಲಿ ಮುಖ ಬೆಳ್ಳಗೂ ಆಗಬಹುದು. ಆಮೇಲೆ?

ಇಂಥ ಕೆಲವು ಕ್ರೀಮುಗಳಲ್ಲಿ ಸ್ಟೀರಾಯ್ಡ್ ಎಂಬ ಔಷಧಿ ಇರುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ. ಮುಖ ಕೆಂಪಾಗುತ್ತದೆ, ಮೊಡವೆ ಏಳುತ್ತದೆ, ಬಿಸಿಲು ತಾಗಿದರೆ ಉರಿಯುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಬಗೆಯ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಎಂದಿತು. ಟ್ಯೂಬಿನ ಮೇಲೆ ಕೆಂಪು ಗೆರೆ ಕಂಡರೆ ನೆನಪಿಡಿ. ಡಾಕ್ಟರು ಬರೆದುಕೊಡದೆ ಅದನ್ನು ಹಚ್ಚಬಾರದು.

ಇನ್ನು ಕೆಲವದರಲ್ಲಿ ಪಾದರಸ ಇರುತ್ತದೆ. 2020ರ ಕೇಂದ್ರ ನಿಯಮಗಳ ಪ್ರಕಾರ ಮುಖದ ಕ್ರೀಮಿಗೆ ಪಾದರಸ ಬೆರೆಸುವಂತಿಲ್ಲ. ಆದರೂ ಕದ್ದು ಮಾರುತ್ತಾರೆ. ಚರ್ಮದಿಂದ ಅದು ರಕ್ತಕ್ಕೆ ಇಳಿಯುತ್ತದೆ, ಮೂತ್ರಪಿಂಡ ಕೆಡುತ್ತದೆ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಹೀಗೆ ಕ್ರೀಮು ಹಚ್ಚಿದವರಿಗೆ ಮೂತ್ರಪಿಂಡದ ರೋಗ ಬಂದದ್ದನ್ನು ಡಾಕ್ಟರುಗಳು ಕಂಡುಹಿಡಿದರು. ಹೊದಿಕೆಯ ಮೇಲೆ ತಯಾರಿಸಿದವರ ವಿಳಾಸ ಇದೆಯೇ? ತಾರೀಖು ಇದೆಯೇ? ಇಲ್ಲದಿದ್ದರೆ ಕೊಳ್ಳಬೇಡಿ.

ಬಣ್ಣ ತಂದೆತಾಯಿಯಿಂದ ಬಂದದ್ದು. ಅದು ರೋಗವಲ್ಲ, ಅದಕ್ಕೆ ಔಷಧಿ ಬೇಡ. ಚರ್ಮದ ಕಪ್ಪು ಬಣ್ಣ ಬಿಸಿಲಿನಿಂದ ನಮ್ಮನ್ನು ಕಾಯುತ್ತದೆ. ಕಳೆ ಎನ್ನುವುದು ಬೇರೆ. ಬಿರುಕಿಲ್ಲದ ಚರ್ಮ, ಬಾಚಿದ ತಲೆ, ಒಗೆದ ಬಟ್ಟೆ, ಹೊಟ್ಟೆತುಂಬ ಊಟ, ಕಣ್ತುಂಬ ನಿದ್ದೆ, ಇದೇ ಕಳೆ. ಇದು ಯಾವ ಬಣ್ಣದವರಿಗೂ ಬರುತ್ತದೆ.

"ನಮಗೆ ಪುರುಸೊತ್ತೆಲ್ಲಿ?" ಎಂದು ಕೇಳಬಹುದು. ನಿಜ. ಮನೆಯವರೆಲ್ಲ ಬಿಸಿನೀರು ಸ್ನಾನ ಮಾಡಿದ ಮೇಲೆ ನಮಗೆ ತಣ್ಣೀರು ಉಳಿಯುತ್ತದೆ. ಎಲ್ಲರ ಸ್ವೆಟರ್ ಆದ ಮೇಲೆ ನಮ್ಮದು ಮುಂದಿನ ವರ್ಷಕ್ಕೆ ಹೋಗುತ್ತದೆ. ಈ ವರ್ಷ ಹಾಗಾಗದಿರಲಿ. ರಾತ್ರಿ 10 ನಿಮಿಷ ನಮ್ಮದು ಎಂದು ಮನೆಯವರಿಗೆ ಹೇಳೋಣ. ಆ ಹೊತ್ತಿನಲ್ಲಿ ನೀರು ಕಾಯಿಸಿಕೊಡುವುದನ್ನು ಗಂಡನೂ ಕಲಿಯಲಿ, ಮಗನೂ ಕಲಿಯಲಿ.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ ಎನ್ನುತ್ತಾರೆ. ಅಲ್ಲಿಯವರೆಗೆ ಇದನ್ನು ಬಿಡದೆ ಮಾಡೋಣ.

ನೆನಪಿಡೋಣ

ಉಗುರುಬೆಚ್ಚಗಿನ ನೀರು, ಕಡಿಮೆ ಸೋಪು.
ಮೈ ಪಸೆ ಇರುವಾಗಲೇ ಎಣ್ಣೆ.
ಒಣಗಿದ ಒಳಬಟ್ಟೆ.
ಬಚ್ಚಲಿನ ಗಾಳಿಕಿಂಡಿ ತೆರೆದಿರಲಿ.
ಕೆಂಪು ಗೆರೆಯ ಟ್ಯೂಬು ಡಾಕ್ಟರನ್ನು ಕೇಳದೆ ಬೇಡ.

ಲೆಕ್ಕ ಮಾಡೋಣ

ಒಂದು ಸೋಪು 75 ಗ್ರಾಂ ಇದೆ. ಬೆಲೆ 30 ರೂಪಾಯಿ. ಇನ್ನೊಂದು ಸೋಪು 125 ಗ್ರಾಂ ಇದೆ. ಬೆಲೆ 45 ರೂಪಾಯಿ. ಎರಡೂ ಗ್ರೇಡ್ 1. ಒಂದು ಗ್ರಾಂಗೆ ಎಷ್ಟು ಪೈಸೆ ಬೀಳುತ್ತದೆ? ಯಾವುದನ್ನು ಕೊಂಡರೆ ಲಾಭ?

(ಉತ್ತರ: ಮೊದಲನೆಯದು 40 ಪೈಸೆ. ಎರಡನೆಯದು 36 ಪೈಸೆ.)

ಕೂಡಿ ಮಾತಾಡೋಣ

1. ನಿಮ್ಮ ಮನೆಯ ಸೋಪಿನ ಹೊದಿಕೆ ತನ್ನಿ. ಅದರಲ್ಲಿರುವ ಅಂಕಿಗಳನ್ನು ಓದಿ.
2. ನಿಮ್ಮ ಕೆಲಸದಲ್ಲಿ ಕೈಕಾಲಿಗೆ ಯಾವ ತೊಂದರೆ ಆಗುತ್ತದೆ? ಯಾರನ್ನು ಏನು ಕೇಳಬೇಕು?
3. ನಿಮ್ಮ ಮನೆಯಲ್ಲಿ ಬಿಸಿನೀರು ಕೊನೆಗೆ ಯಾರಿಗೆ ಸಿಗುತ್ತದೆ? ಏಕೆ?
4. "ಬಣ್ಣ ಬೇರೆ, ಕಳೆ ಬೇರೆ." ಈ ಮಾತನ್ನು ನಿಮ್ಮ ಮಗಳಿಗೆ ಹೇಗೆ ಹೇಳುತ್ತೀರಿ? ಎರಡು ಸಾಲು ಬರೆಯಿರಿ.